ಹೊಸ ಪಾರ್ಟ್ ಹಾಕಿದ ಮೇಲೆ ಕಂಪ್ಯೂಟರ್ ಆನ್ ಆಗುತ್ತಿಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌ಪಿ ರೋಡಿನಿಂದ ಹೊಸ ಗ್ರಾಫಿಕ್ಸ್ ಕಾರ್ಡೋ ರ‍್ಯಾಮೋ ತಂದಿರುತ್ತೀರಿ. ರಾತ್ರಿ ಊಟ ಮುಗಿಸಿ ಕೂತು ಹಾಕಿರುತ್ತೀರಿ. ಬಟನ್ ಒತ್ತಿದರೆ ಏನೂ ಇಲ್ಲ. ಎದೆ ಧಸಕ್ಕೆನ್ನುತ್ತದೆ. ಬೆಂಗಳೂರಿನಲ್ಲಿ ನೆಂಟರಿಗೆ, ಅಕ್ಕಪಕ್ಕದ ಮನೆಯವರಿಗೆ, ಆಫೀಸಿನ ಗೆಳೆಯರಿಗೆ ಕಂಪ್ಯೂಟರ್ ಜೋಡಿಸಿಕೊಡುತ್ತಾ ಬಂದವನು ನಾನು. ಇಂಥ ಹೊತ್ತಿನಲ್ಲಿ ಜನ ನನಗೆ ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ನಮ್ಮಲ್ಲಿ ಇಡೀ ಡಬ್ಬಕ್ಕೇ ‘ಸಿಪಿಯು’ ಅನ್ನುವ ರೂಢಿ ಇದೆ. ಗೊಂದಲ ಬೇಡ ಅಂತ ನಾನು ಡಬ್ಬಕ್ಕೆ ಕ್ಯಾಬಿನೆಟ್ ಅಂತಲೂ, ಒಳಗಿನ ಚಿಪ್‌ಗೆ ಪ್ರೊಸೆಸರ್ ಅಂತಲೂ ಬರೆಯುತ್ತೇನೆ.

ಹೊಸದು ಹಾಕಿದ ತಕ್ಷಣ ನಿಂತುಹೋಯಿತು. ತಂದ ಪಾರ್ಟೇ ಕೆಟ್ಟದ್ದು ಅಂತ ಅರ್ಥವೇ?

ಬಹಳ ಸಲ ಅಲ್ಲ. ಒಂದು ಕಾರ್ಡ್ ಹಾಕುವಾಗ ನಿಮ್ಮ ಕೈ ಇನ್ನೂ ಹತ್ತು ಕಡೆ ತಗುಲಿರುತ್ತದೆ. ಪಕ್ಕದ ರ‍್ಯಾಮ್ ಸ್ವಲ್ಪ ಮೇಲೆ ಬಂದಿರುತ್ತದೆ, ಪವರ್ ಬಟನ್ನಿನ ಸಣ್ಣ ವೈರ್ ಕಳಚಿರುತ್ತದೆ, ಪ್ರೊಸೆಸರಿನ ಕೇಬಲ್ ಮರೆತುಹೋಗಿರುತ್ತದೆ. ನಾನು ನೋಡಿದ ಕೇಸುಗಳಲ್ಲಿ ಪಾರ್ಟ್ ನಿಜವಾಗಿ ಸತ್ತಿದ್ದು ಕಡಿಮೆ. ಸರಿಯಾಗಿ ಕೂತಿಲ್ಲದ್ದು, ಪವರ್ ಸಾಲದ್ದು, ಬಯೋಸ್ (ಮದರ್‌ಬೋರ್ಡಿನಲ್ಲೇ ಇದ್ದು ಮಷೀನನ್ನು ಎಬ್ಬಿಸುವ ಸಾಫ್ಟ್‌ವೇರ್) ಹಳೆಯದಾಗಿದ್ದು, ಇವೇ ಜಾಸ್ತಿ. ಅದಕ್ಕೇ ಹೇಳುವುದು, ದುಡ್ಡು ಬಿಚ್ಚುವ ಮೊದಲು ಡಬ್ಬ ಬಿಚ್ಚಿ ನೋಡಿ.

ಹಾಗಾದರೆ ಮೊಟ್ಟಮೊದಲು ಏನು ಮಾಡಲಿ?

ಹಳೆಯ ಸ್ಥಿತಿಗೆ ವಾಪಸ್ ಹೋಗಿ. ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ಆಮೇಲೆ ಹೊಸದನ್ನು ತೆಗೆದು ಹಳೆಯದನ್ನು ಹಾಕಿ ಆನ್ ಮಾಡಿ.

ಆನ್ ಆಯಿತೇ? ಹಾಗಾದರೆ ಬೋರ್ಡು (ಅಂದರೆ ಮದರ್‌ಬೋರ್ಡು), ಪ್ರೊಸೆಸರು, ಎಲ್ಲಕ್ಕೂ ಪವರ್ ಕೊಡುವ ಎಸ್‌ಎಂಪಿಎಸ್ ಬದುಕಿವೆ. ತೊಂದರೆ ಹೊಸ ಪಾರ್ಟಿನಲ್ಲಿ ಅಥವಾ ಅದು ಬೇಡುವ ಪವರ್ ಮತ್ತು ಸೆಟ್ಟಿಂಗಿನಲ್ಲಿ ಇದೆ. ಹಳೆಯದು ಹಾಕಿದರೂ ಆನ್ ಆಗಲಿಲ್ಲವೇ? ಆಗ ಬಿಚ್ಚಿ ಜೋಡಿಸುವಾಗ ಬೇರೇನೋ ಅಲ್ಲಾಡಿದೆ. ಎರಡು ಮೂರು ಪಾರ್ಟ್ ಒಟ್ಟಿಗೆ ಬದಲಿಸಿದ್ದರೆ ಒಂದೊಂದಾಗಿ ಹಿಂದಕ್ಕೆ ಹೋಗಿ. ರ‍್ಯಾಮ್, ಕಾರ್ಡ್, ಎಸ್‌ಎಸ್‌ಡಿ ಮೂರನ್ನೂ ಒಂದೇ ರಾತ್ರಿ ಹಾಕಿ ಯಾವುದರಿಂದ ಕೆಟ್ಟಿತು ಅಂತ ಕೇಳಿದರೆ ಯಾರಿಗೂ ಹೇಳಲು ಬರುವುದಿಲ್ಲ.

ಬಟನ್ ಒತ್ತಿದರೆ ಲೈಟೂ ಇಲ್ಲ, ಫ್ಯಾನೂ ಇಲ್ಲ. ಪೂರ್ತಿ ಸತ್ತ ಹಾಗಿದೆ.

ಮೊದಲು ಆ ಪ್ಲಗ್ ಪಾಯಿಂಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಸ್ಪೈಕ್ ಬಸ್ಟರ್ ಬಿಟ್ಟು ನೇರ ಗೋಡೆಗೇ ಹಾಕಿ. ಕ್ಯಾಬಿನೆಟ್ಟಿನ ಹಿಂದೆ ಎಸ್‌ಎಂಪಿಎಸ್ ಮೇಲೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಕೆಲಸಕ್ಕೆ ಮೊದಲು ಅದನ್ನು ಆಫ್ ಮಾಡಿ ಮರೆತವರು ಬಹಳ ಜನ.

ಆಮೇಲೆ ಬೋರ್ಡಿನ ಬಲ ಅಂಚಿನಲ್ಲಿರುವ 24 ಪಿನ್‌ನ ದೊಡ್ಡ ಕನೆಕ್ಟರ್. ಅದು ಗಟ್ಟಿ. ಕೊಕ್ಕೆ ಕಚ್ಚಿಕೊಂಡ ಶಬ್ದ ಕೇಳುವವರೆಗೆ ಒತ್ತಬೇಕು, ಒತ್ತುವಾಗ ಬೋರ್ಡ್ ಬಾಗದಂತೆ ಹಿಂದೆ ಬೆರಳು ಕೊಡಬೇಕು.

ಕೊನೆಗೆ ಕ್ಯಾಬಿನೆಟ್ಟಿನ ಪವರ್ ಬಟನ್ನಿನಿಂದ ಬರುವ ಸಣ್ಣ ಜೋಡಿ ವೈರ್. ಬೋರ್ಡಿನ ಕೆಳ ಮೂಲೆಯ ಪಿನ್ನುಗಳಿಗೆ ಅದನ್ನು ಸಿಕ್ಕಿಸಿರುತ್ತಾರೆ. ಉದ್ದದ ಗ್ರಾಫಿಕ್ಸ್ ಕಾರ್ಡ್ ಹಾಕುವಾಗ ಇದು ಸುಲಭವಾಗಿ ಕಳಚುತ್ತದೆ. ಬೋರ್ಡಿನ ಮ್ಯಾನುಯಲ್ ನೋಡಿ ಪವರ್ ಸ್ವಿಚ್ಚಿನ ಎರಡು ಪಿನ್ ಯಾವುವು ಅಂತ ಖಚಿತ ಮಾಡಿಕೊಳ್ಳಿ. ವೈರ್ ತೆಗೆದು, ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ. ಮಷೀನು ಆನ್ ಆದರೆ ಬಟನ್ನೋ ಅದರ ವೈರೋ ಕೆಟ್ಟಿದೆ, ಬೇರೆ ಏನೂ ಆಗಿಲ್ಲ. ಆ ಎರಡು ಪಿನ್ ಬಿಟ್ಟು ಬೇರೆ ಯಾವುದನ್ನೂ ಮುಟ್ಟಿಸಬೇಡಿ.

ಎಸ್‌ಎಂಪಿಎಸ್ ಬದುಕಿದೆಯಾ ಅಂತ ಮನೆಯಲ್ಲೇ ನೋಡಬಹುದೇ?

ನೋಡಬಹುದು. ಎಸ್‌ಎಂಪಿಎಸ್‌ನ ಎಲ್ಲ ಕೇಬಲ್ಲುಗಳನ್ನೂ ಬೋರ್ಡಿನಿಂದ ಬಿಡಿಸಿ, ಪ್ಲಗ್ ಕಿತ್ತಿರುವಾಗಲೇ, 24 ಪಿನ್ ಕನೆಕ್ಟರಿನ ಹಸಿರು ವೈರಿನ ತೂತಿಗೂ ಯಾವುದಾದರೂ ಕಪ್ಪು ವೈರಿನ ತೂತಿಗೂ ಬಗ್ಗಿಸಿದ ಪೇಪರ್ ಕ್ಲಿಪ್ ಹಾಕಿ. ಹಸಿರು ವೈರ್ ಅಂದರೆ 16ನೇ ಪಿನ್. ಕೈ ತೆಗೆದ ಮೇಲೆ ಪ್ಲಗ್ ಹಾಕಿ ಸ್ವಿಚ್ ಆನ್ ಮಾಡಿ. ಫ್ಯಾನ್ ತಿರುಗಿದರೆ ಜೀವ ಇದೆ. ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಲೋಡ್ ಇಲ್ಲದಾಗ ಫ್ಯಾನೇ ತಿರುಗುವುದಿಲ್ಲ, ಅದನ್ನು ನೋಡಿ ಗಾಬರಿಯಾಗಬೇಡಿ.

ಫ್ಯಾನ್ ತಿರುಗಿತು ಅಂದಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲ್ಲ. ಮಲ್ಟಿಮೀಟರ್ ಇದ್ದರೆ 12 ವೋಲ್ಟ್ ಲೈನ್ 11.4ರಿಂದ 12.6ರ ಒಳಗೆ, 5 ವೋಲ್ಟ್ ಲೈನ್ 4.75ರಿಂದ 5.25ರ ಒಳಗೆ ಇರಬೇಕು. ಒಂದು ಮಾತು ಮಾತ್ರ ನೆನಪಿಡಿ: ಎಸ್‌ಎಂಪಿಎಸ್ ಡಬ್ಬವನ್ನು ಯಾವತ್ತೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಪ್ರಾಣಕ್ಕೆ ಅಪಾಯ ಆಗುವಷ್ಟು ಕರೆಂಟ್ ಉಳಿದಿರುತ್ತದೆ.

ಫ್ಯಾನ್ ಒಂದು ಸೆಕೆಂಡ್ ತಿರುಗಿ ನಿಲ್ಲುತ್ತದೆ. ಏಕೆ?

ಎಲ್ಲೋ ಶಾರ್ಟ್ ಆಗುತ್ತಿದೆ, ಅಥವಾ ಪ್ರೊಸೆಸರಿಗೆ ಪವರ್ ಹೋಗುತ್ತಿಲ್ಲ. ಶಾರ್ಟ್ ಆಗಿದ್ದರೆ ಎಸ್‌ಎಂಪಿಎಸ್ ತನ್ನನ್ನು ತಾನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ.

ನನ್ನದೇ ಮಷೀನಿನ ಕಥೆ ಹೇಳುತ್ತೇನೆ. ಬೋರ್ಡ್ ಬದಲಿಸಿದ ಮೇಲೆ ಹೀಗೇ ಆಗುತ್ತಿತ್ತು. ಒಂದು ಅಂಗಡಿಗೆ ಒಯ್ದೆ. ಕೌಂಟರಿನ ಹಿಂದಿನವರು ಎರಡು ಸಲ ಬಟನ್ ಒತ್ತಿ, ‘ಬೋರ್ಡ್ ಹೋಗಿದೆ ಸರ್, ಹೊಸದು ಹಾಕಿಸಿ’ ಅಂದರು. ಬೋರ್ಡಿಗೆ ಮೂರು ದಿನವೂ ಆಗಿರಲಿಲ್ಲ. ಮನಸ್ಸು ಒಪ್ಪಲಿಲ್ಲ, ವಾಪಸ್ ತಂದೆ. ಮನೆಯಲ್ಲಿ ಬೋರ್ಡನ್ನು ಪೂರ್ತಿ ಹೊರಗೆ ತೆಗೆದು ಟ್ಯೂಬ್‌ಲೈಟ್ ಕೆಳಗೆ ಹಿಂಬದಿ ತಿರುಗಿಸಿ ಹಿಡಿದೆ. ಬೆಸುಗೆ ಚುಕ್ಕೆಗಳ ನಡುವೆ, ಉಗುರಿನ ಅರ್ಧದಷ್ಟು ಜಾಗದಲ್ಲಿ, ಷಟ್ಕೋನದ ಒಂದು ಮಸುಕಾದ ಗುರುತು. ಕ್ಯಾಬಿನೆಟ್ಟಿನ ತಗಡಿನ ಮೇಲೆ ಅದೇ ಜಾಗದಲ್ಲಿ ಒಂದು ಹಿತ್ತಾಳೆ ಗುಬುಟು (ಬೋರ್ಡನ್ನು ತಗಡಿಗೆ ತಾಗದಂತೆ ಎತ್ತಿ ಹಿಡಿದು ಸ್ಕ್ರೂ ಹಾಕಿಸಿಕೊಳ್ಳುವ ಸ್ಟ್ಯಾಂಡ್‌ಆಫ್) ನಿಂತಿತ್ತು. ಹಳೆಯ ಬೋರ್ಡಿಗೆ ಅಲ್ಲಿ ಸ್ಕ್ರೂ ತೂತು ಇತ್ತು, ಹೊಸದಕ್ಕೆ ಇರಲಿಲ್ಲ. ಗುಬುಟು ನೇರವಾಗಿ ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಮಾಡುತ್ತಿತ್ತು. ಇಕ್ಕಳದಲ್ಲಿ ಅದನ್ನು ತಿರುವಿ ತೆಗೆದು, ಬೋರ್ಡ್ ಮತ್ತೆ ಕೂರಿಸಿ ಬಟನ್ ಒತ್ತಿದೆ. ಆನ್ ಆಯಿತು. ಆ ಬೋರ್ಡ್ ಇವತ್ತಿಗೂ ನಡೆಯುತ್ತಿದೆ.

ಅದಕ್ಕೇ ಬೋರ್ಡ್ ಬದಲಿಸಿದವರಿಗೆ ಮೊದಲು ಕೇಳುವುದು ಈ ಗುಬುಟುಗಳ ಬಗ್ಗೆ. ಬೋರ್ಡಿನ ತೂತು ಎಲ್ಲಿದೆಯೋ ಅಲ್ಲಿ ಮಾತ್ರ ಇರಬೇಕು. ಕೆಳಗೆ ಬಿದ್ದ ಸ್ಕ್ರೂ ಬೋರ್ಡಿನ ಹಿಂದೆ ಸಿಕ್ಕಿಕೊಂಡಿದೆಯಾ ಅಂತ ಕ್ಯಾಬಿನೆಟ್ ಮೆಲ್ಲಗೆ ಅಲ್ಲಾಡಿಸಿ ಕೇಳಿಸಿಕೊಳ್ಳಿ. ಹಿಂಬದಿಯ ತಗಡಿನ ಪಟ್ಟಿಯ ನಾಲಿಗೆ ಯುಎಸ್‌ಬಿ ಪೋರ್ಟಿನೊಳಗೆ ತೂರಿದೆಯಾ ನೋಡಿ.

ಪ್ರೊಸೆಸರ್ ಪವರ್ ಕೇಬಲ್ ಅಂದರೆ ಯಾವುದು?

ಬೋರ್ಡಿನ ಮೇಲಿನ ಎಡ ಮೂಲೆಗೆ ಹೋಗುವ 4 ಅಥವಾ 8 ಪಿನ್ ಕೇಬಲ್. ಅದು ಇಲ್ಲದಿದ್ದರೆ ಫ್ಯಾನ್ ತಿರುಗಬಹುದು, ಲೈಟ್ ಉರಿಯಬಹುದು, ಕಂಪ್ಯೂಟರ್ ಮಾತ್ರ ಏಳುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಕೇಬಲ್ ನೋಡಲು ಇದರ ಹಾಗೇ ಇರುತ್ತದೆ. ಪ್ರೊಸೆಸರಿನದು ನಾಲ್ಕು ಮತ್ತು ನಾಲ್ಕಾಗಿ ಬಿಡಿಸಿಕೊಳ್ಳುತ್ತದೆ, ಕಾರ್ಡಿನದು ಆರು ಮತ್ತು ಎರಡಾಗಿ. ಹೋಗದೇ ಇದ್ದರೆ ಬಲ ಹಾಕಿ ತುರುಕಬೇಡಿ, ತಪ್ಪು ಕೇಬಲ್ ಹಿಡಿದಿದ್ದೀರಿ ಅಂತಲೇ ಅರ್ಥ.

ಫ್ಯಾನ್ ಎಲ್ಲ ತಿರುಗುತ್ತಿವೆ, ಮಾನಿಟರಿನಲ್ಲಿ ‘ನೋ ಸಿಗ್ನಲ್’.

ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದೀರಾ? ಮಾನಿಟರ್ ಕೇಬಲ್ ಕಾರ್ಡಿಗೇ ಹಾಕಿದ್ದೀರಾ, ಇಲ್ಲ ಅಭ್ಯಾಸಬಲದಿಂದ ಬೋರ್ಡಿನ ಹಳೆಯ ಪೋರ್ಟಿಗೇ ಹಾಕಿದ್ದೀರಾ? ಅರ್ಧ ಫೋನ್ ಕರೆಗಳು ಇಲ್ಲಿಗೇ ಮುಗಿಯುತ್ತವೆ.

ಇದಕ್ಕೆ ಉಲ್ಟಾ ಕೇಸೂ ಇದೆ. ಕಾರ್ಡ್ ತೆಗೆದು ಬೋರ್ಡಿನ ಪೋರ್ಟಿನಲ್ಲಿ ಪರೀಕ್ಷೆ ಮಾಡಲು ಹೋಗುತ್ತೀರಿ, ಡಿಸ್‌ಪ್ಲೇ ಬರುವುದಿಲ್ಲ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ, ಉದಾಹರಣೆಗೆ ಐ5 12400ಎಫ್, ಒಳಗೆ ಗ್ರಾಫಿಕ್ಸ್ ಕೆಲಸ ಮಾಡುವುದಿಲ್ಲ. ಎಎಂಡಿ ಕಂಪನಿಯ ರೈಜನ್ 5600 ತರಹದ, ಹೆಸರಿನ ಕೊನೆಯಲ್ಲಿ ‘ಜಿ’ ಇಲ್ಲದ 5000 ಸರಣಿಯವೂ ಹಾಗೇ. ಬೋರ್ಡಿನಲ್ಲಿ ಎಚ್‌ಡಿಎಂಐ ಪೋರ್ಟ್ ಇದ್ದರೂ ಅದರಿಂದ ಚಿತ್ರ ಬರುವುದಿಲ್ಲ. ಬೋರ್ಡ್ ಕೆಟ್ಟಿಲ್ಲ.

ಕಾರ್ಡ್ ಸ್ಲಾಟಿನಲ್ಲಿ ಪೂರ್ತಿ ಇಳಿದು ಹಿಂದಿನ ಕೊಕ್ಕೆ ಕಚ್ಚಿಕೊಂಡಿದೆಯಾ ನೋಡಿ. ಬಹಳ ಹಳೆಯ ಬೋರ್ಡಿಗೆ ಹೊಸ ಕಾರ್ಡ್ ಹಾಕಿದ್ದರೆ, ಹಳೆಯ ಕಾಲದ ಬಯೋಸ್ ಅದನ್ನು ಗುರುತಿಸದೇ ಇರಬಹುದು. ಆ ಬೋರ್ಡಿಗೆ ಬಯೋಸ್ ಅಪ್‌ಡೇಟ್ ಬಂದಿದೆಯಾ ಹುಡುಕಿ.

ರ‍್ಯಾಮ್ ಹಾಕಿದ ಮೇಲೆ ಡಿಸ್‌ಪ್ಲೇ ಹೋಯಿತು.

ರ‍್ಯಾಮ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಏಕೆಂದರೆ ಜನ ತಾವೇ ಧೈರ್ಯವಾಗಿ ಹಾಕುವ ಪಾರ್ಟ್ ಇದೇ.

ಮೊದಲು ಜಾತಿ. ಡಿಡಿಆರ್3ಕ್ಕೆ 240 ಪಿನ್. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್. ಆದರೆ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ, ಒಂದು ಇನ್ನೊಂದರ ಸ್ಲಾಟಿಗೆ ಹೋಗುವುದಿಲ್ಲ. ಪಿನ್ ಲೆಕ್ಕ ನೋಡಿ ಒಂದೇ ಅಂದುಕೊಂಡು ಅಮುಕಿ ಸ್ಲಾಟ್ ಮುರಿದವರಿದ್ದಾರೆ.

ಎರಡನೆಯದು ಕೂರಿಸುವುದು. ಕಡ್ಡಿಯ ಒಂದು ತುದಿ ಕಚ್ಚಿಕೊಂಡಿರುತ್ತದೆ, ಇನ್ನೊಂದು ತುದಿ ಅಕ್ಕಿಕಾಳಿನಷ್ಟು ಮೇಲೆ ನಿಂತಿರುತ್ತದೆ. ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಮೊಬೈಲ್ ಟಾರ್ಚ್ ಹಾಕಿ ಪಕ್ಕದಿಂದ ನೋಡಿ. ಚಿನ್ನದ ಬಣ್ಣದ ಗೆರೆ ಒಂದು ಕಡೆ ಕಂಡು ಇನ್ನೊಂದು ಕಡೆ ಕಾಣದಿದ್ದರೆ ಅದು ಓರೆ ಕೂತಿದೆ. ತೆಗೆದು, ಎರಡೂ ತುದಿಗೆ ಹೆಬ್ಬೆರಳಿಟ್ಟು ಸಮವಾಗಿ ಒತ್ತಿ. ‘ಟಕ್’ ಅನ್ನಬೇಕು. ಒಂದೇ ಕಡೆ ಕೊಕ್ಕೆ ಇರುವ ಬೋರ್ಡುಗಳಲ್ಲಿ ಕೊಕ್ಕೆ ಇಲ್ಲದ ತುದಿಯನ್ನು ಇನ್ನೂ ಗಮನವಿಟ್ಟು ನೋಡಿ.

ಮೂರನೆಯದು ಜಾಗ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಒಂದೇ ಕಡ್ಡಿ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೇ ಸ್ಲಾಟ್, ಎರಡು ಕಡ್ಡಿ ಇದ್ದರೆ ಎರಡನೆಯದು ಮತ್ತು ನಾಲ್ಕನೆಯದು. ಮ್ಯಾನುಯಲ್ ಹೇಳಿದ್ದೇ ಕೊನೆಯ ಮಾತು.

ಇಷ್ಟಾದರೂ ಆಗದಿದ್ದರೆ ಒಂದೊಂದೇ ಕಡ್ಡಿ ಹಾಕಿ ಪರೀಕ್ಷೆ ಮಾಡಿ. ಪ್ರತಿಯೊಂದೂ ಒಂಟಿಯಾಗಿ ನಡೆದು, ಒಟ್ಟಿಗೆ ಹಾಕಿದಾಗ ನಿಂತರೆ, ಎರಡಕ್ಕೂ ಹೊಂದಾಣಿಕೆ ಇಲ್ಲ. ಹಳೆಯ 8 ಜಿಬಿಗೆ ಬೇರೆ ಕಂಪನಿಯ ಹೊಸ 8 ಜಿಬಿ ಸೇರಿಸಿದಾಗ ಇದು ಆಗುತ್ತದೆ. ಬಯೋಸಿನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಅನ್ನುವ ಹೆಚ್ಚಿನ ವೇಗದ ಸೆಟ್ಟಿಂಗ್ ಆಫ್ ಮಾಡಿ ಸಾಮಾನ್ಯ ವೇಗದಲ್ಲಿ ಓಡಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಅಂಚು ಕೊಳೆಯಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ನಮ್ಮಲ್ಲಿ ಎಲ್ಲರೂ ಪೆನ್ಸಿಲ್ ರಬ್ಬರ್ ಉಜ್ಜುತ್ತಾರೆ. ಮೆತ್ತಗಿನ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿದರೆ ಕೆಲಸವೂ ಆಗುತ್ತದೆ. ಆದರೆ ಪುಡಿಯನ್ನು ಚೆನ್ನಾಗಿ ಒರೆಸಿ ತೆಗೆದ ಮೇಲೇ ಸ್ಲಾಟಿಗೆ ಹಾಕಿ.

ಡಿಡಿಆರ್5 ಹಾಕಿದ್ದೇನೆ. ಎರಡು ನಿಮಿಷವಾದರೂ ಪರದೆ ಕಪ್ಪಗೇ ಇದೆ.

ಕಾಯಿರಿ. ಆಫ್ ಮಾಡಬೇಡಿ. ಹೊಸ ಡಿಡಿಆರ್5 ಹಾಕಿದಾಗ ಬೋರ್ಡ್ ಅದರ ಜೊತೆ ವೇಗ ಹೊಂದಿಸಿಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತದೆ. ಎಎಂಡಿಯ ಹೊಸ ಸಾಕೆಟ್ಟಾದ ಎಎಂ5 ಬೋರ್ಡುಗಳಲ್ಲಿ ಮೊದಲ ಸಲ ಕೆಲವು ನಿಮಿಷ ಹಿಡಿಯುವುದು ಮಾಮೂಲು. 15 ನಿಮಿಷ ಕೊಡಿ. ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಗ್ರಾಫಿಕ್ಸ್ ಕಾರ್ಡಿಗೆ ಹಳೆಯ ಎಸ್‌ಎಂಪಿಎಸ್ ಸಾಕಾಗುತ್ತದೆಯೇ?

ಲೆಕ್ಕ ಹಾಕಿ. ಸ್ಲಾಟಿನಿಂದ ಕಾರ್ಡಿಗೆ ಸಿಗುವುದು 75 ವ್ಯಾಟ್. 6 ಪಿನ್ ಕೇಬಲ್ ಇನ್ನೊಂದು 75, 8 ಪಿನ್ ಆದರೆ 150. ಆರ್‌ಟಿಎಕ್ಸ್ 3060 ತರಹದ ಕಾರ್ಡ್ 170 ವ್ಯಾಟ್ ಎಳೆಯುತ್ತದೆ, ಅದಕ್ಕೆ 550 ವ್ಯಾಟ್‌ನ ಎಸ್‌ಎಂಪಿಎಸ್ ಇರಲಿ ಅಂತ ಎನ್ವಿಡಿಯಾ ಹೇಳುತ್ತದೆ. ಕ್ಯಾಬಿನೆಟ್ ಜೊತೆ ಉಚಿತವಾಗಿ ಬಂದ ಎಸ್‌ಎಂಪಿಎಸ್ ಮೇಲೆ 450 ಅಂತ ಬರೆದಿದ್ದರೂ ಆ ಅಂಕಿಯನ್ನು ನಾನು ನಂಬುವುದಿಲ್ಲ. ಸ್ಟಿಕ್ಕರಿನಲ್ಲಿ 12 ವೋಲ್ಟ್ ಲೈನಿಗೆ ಎಷ್ಟು ಆಂಪಿಯರ್ ಅಂತ ನೋಡಿ, 12ರಿಂದ ಗುಣಿಸಿ. ಪ್ರೊಸೆಸರಿಗೂ ಕಾರ್ಡಿಗೂ ಸಿಗುವ ನಿಜವಾದ ಪವರ್ ಅದೇ.

ವಿಂಡೋಸ್ ಚೆನ್ನಾಗಿ ಬರುತ್ತದೆ, ಗೇಮ್ ಶುರು ಮಾಡಿದ ಕೂಡಲೇ ಟಪ್ ಅಂತ ಆಫ್ ಆಗುತ್ತದೆ ಅಂದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ.

ಹೊಸ ದೊಡ್ಡ ಕಾರ್ಡುಗಳ 16 ಪಿನ್ ಕನೆಕ್ಟರ್ ಇದ್ದರೆ ಒಂಚೂರೂ ಸಂದಿ ಉಳಿಯದ ಹಾಗೆ ಪೂರ್ತಿ ಒತ್ತಿ, ಕನೆಕ್ಟರಿನ ಬುಡದಲ್ಲೇ ಕೇಬಲ್ ಬಗ್ಗಿಸಬೇಡಿ. ಅರ್ಧ ಕೂತ ಕನೆಕ್ಟರುಗಳು ಕರಗಿದ್ದು 2022ರಲ್ಲಿ ಆರ್‌ಟಿಎಕ್ಸ್ 4090 ಬಂದಾಗ ದೊಡ್ಡ ಸುದ್ದಿಯಾಗಿತ್ತು.

ಮನೆಯ ಯುಪಿಎಸ್ ಕಾರಣ ಆಗಿರಬಹುದೇ?

ಖಂಡಿತ ಆಗಿರಬಹುದು, ಬೆಂಗಳೂರಿನಲ್ಲಂತೂ ಇದನ್ನು ಬಿಡದೇ ನೋಡಬೇಕು. ಬೆಸ್ಕಾಂ ಕರೆಂಟ್ ಹೋಗಿ ಬರುತ್ತದೆ ಅಂತ ಬಹಳ ಮನೆಗಳಲ್ಲಿ 600 ವಿಎ ಯುಪಿಎಸ್ ಇಟ್ಟಿರುತ್ತಾರೆ. ಆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ ಅದು ಕೊಡುವುದು 360 ವ್ಯಾಟ್. ಹಳೆಯ ಮಷೀನಿಗೆ ಸಾಕಾಗಿತ್ತು. ಹೊಸ ಕಾರ್ಡ್ ಬಂದ ಮೇಲೆ, ಮಾನಿಟರೂ ಸೇರಿ, ಮಿತಿ ದಾಟುತ್ತದೆ. ಯುಪಿಎಸ್ ‘ಕೀಂ’ ಅಂತ ಕೂಗಿ ಕೈಬಿಡುತ್ತದೆ.

ಇನ್ನೊಂದು ವಿಷಯ. ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಲ್ಲಿ ಓಡುವಾಗ ಕೊಡುವ ಕರೆಂಟಿನ ಅಲೆ ನುಣುಪಾಗಿರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಹೊಸ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಅದನ್ನು ಒಪ್ಪುವುದಿಲ್ಲ. ಕರೆಂಟ್ ಹೋದ ಕ್ಷಣವೇ ಮಷೀನೂ ಹೋಗುತ್ತದೆ. ಪರೀಕ್ಷೆ ಸುಲಭ: ಯುಪಿಎಸ್ ಬಿಟ್ಟು ನೇರ ಗೋಡೆಗೆ ಹಾಕಿ ಓಡಿಸಿ.

ಎಸ್‌ಎಂಪಿಎಸ್ ಮಾತ್ರ ಬದಲಿಸಿದೆ, ಕೇಬಲ್ ಹಳೆಯದ್ದೇ ಬಿಟ್ಟೆ. ತಪ್ಪಾ?

ತಪ್ಪು, ಅದೂ ದುಬಾರಿ ತಪ್ಪು. ಕೇಬಲ್ ಬಿಡಿಸಿಕೊಳ್ಳುವ ಮಾಡ್ಯುಲರ್ ಎಸ್‌ಎಂಪಿಎಸ್‌ಗಳಲ್ಲಿ, ಎಸ್‌ಎಂಪಿಎಸ್ ಕಡೆಯ ತುದಿಯ ಪಿನ್ ಕ್ರಮಕ್ಕೆ ಎಲ್ಲ ಕಂಪನಿಗೂ ಒಂದೇ ನಿಯಮ ಇಲ್ಲ. ಒಂದೇ ಕಂಪನಿಯ ಎರಡು ಮಾಡೆಲ್ ಕೂಡ ಬೇರೆ ಇರಬಹುದು. ತುದಿ ಸಲೀಸಾಗಿ ಕೂರುತ್ತದೆ, 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋಗುತ್ತದೆ. ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಸುಟ್ಟುಹೋಗುತ್ತವೆ. ಅದರಲ್ಲಿದ್ದ ಮಕ್ಕಳ ಫೋಟೋಗಳೂ ಹೋಗುತ್ತವೆ. ದಯವಿಟ್ಟು ಹೊಸ ಎಸ್‌ಎಂಪಿಎಸ್ ಜೊತೆ ಬಂದ ಕೇಬಲ್ಲನ್ನೇ ಹಾಕಿ. ಈಗಾಗಲೇ ಹಳೆಯದ್ದು ಹಾಕಿ ಆನ್ ಆಗದಿದ್ದರೆ ಇನ್ನೊಮ್ಮೆ ಬಟನ್ ಒತ್ತಬೇಡಿ.

ಹೊಸ ಪ್ರೊಸೆಸರ್ ಸಾಕೆಟ್ಟಿಗೆ ಸರಿಯಾಗಿ ಕೂತಿದೆ. ಆದರೂ ಏಳುತ್ತಿಲ್ಲ.

ಕೂತಿದೆ ಅಂದರೆ ಹೊಂದುತ್ತದೆ ಅಂತಲ್ಲ. ಇಂಟೆಲ್ 6ನೇ, 7ನೇ ಪೀಳಿಗೆಗೂ 8ನೇ, 9ನೇ ಪೀಳಿಗೆಗೂ ಸಾಕೆಟ್ ಹೆಸರು ಒಂದೇ, ಎಲ್‌ಜಿಎ 1151. ಆದರೆ 8ನೇ ಪೀಳಿಗೆಯದು ಹಳೆಯ 100, 200 ಸರಣಿಯ ಬೋರ್ಡಿನಲ್ಲಿ ನಡೆಯುವುದಿಲ್ಲ. ಎಚ್410, ಬಿ460 ಬೋರ್ಡುಗಳು ಎಲ್‌ಜಿಎ 1200 ಆದರೂ 11ನೇ ಪೀಳಿಗೆಗೆ ಹೊಂದುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಲ್ಲೇ ಮೋಸಹೋಗುವುದು.

ಹೊಂದುವ ಜೋಡಿಗೂ ಬಯೋಸ್ ಅಪ್‌ಡೇಟ್ ಬೇಕಾಗಬಹುದು. ಬಿ450 ಬೋರ್ಡಿಗೆ ರೈಜನ್ 5000, ಎಚ್610 ಅಥವಾ ಬಿ660 ಬೋರ್ಡಿಗೆ 13ನೇ, 14ನೇ ಪೀಳಿಗೆ ಹಾಕುವವರು ಮೊದಲು ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸ್ ಹೊಸದು ಮಾಡಿಕೊಳ್ಳಬೇಕು. ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಮಾಡೆಲ್ ಹುಡುಕಿದರೆ, ಯಾವ ಪ್ರೊಸೆಸರಿಗೆ ಯಾವ ಬಯೋಸ್ ಅಂತ ಪಟ್ಟಿ ಇರುತ್ತದೆ. ಹಳೆಯದನ್ನು ಮಾರಿಬಿಟ್ಟಿದ್ದೀರಾ? ಕೆಲವು ಬೋರ್ಡುಗಳ ಹಿಂದೆ ‘ಫ್ಲ್ಯಾಶ್‌ಬ್ಯಾಕ್’ ಬಟನ್ ಇರುತ್ತದೆ. ಪ್ರೊಸೆಸರ್ ಇಲ್ಲದೆಯೂ ಎಫ್‌ಎಟಿ32 ಮಾಡಿದ ಪೆನ್‌ಡ್ರೈವಿನಿಂದ ಬಯೋಸ್ ಹಾಕಬಹುದು. ಫೈಲಿನ ಹೆಸರು ಮ್ಯಾನುಯಲ್ ಹೇಳಿದ ಹಾಗೇ ಇರಬೇಕು. ಏಪ್ರಿಲ್, ಮೇ ಸಂಜೆ ಮೋಡ ಕವಿದು ಗುಡುಗುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು.

ಪಿನ್ ಬಾಗಿದೆ. ಏನು ಮಾಡಲಿ?

ಎಎಂಡಿಯ ಹಳೆಯ ಎಎಂ4 ಸಾಕೆಟ್ ಆದರೆ ಪಿನ್ನುಗಳು ಪ್ರೊಸೆಸರಿನ ಕೆಳಗಿರುತ್ತವೆ. ಕೂಲರ್ ಎಳೆದಾಗ ಒಣಗಿದ ಪೇಸ್ಟ್ ಅಂಟಿ ಪ್ರೊಸೆಸರೇ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಕೂಲರ್ ತೆಗೆಯುವ ಮೊದಲು ಹತ್ತು ನಿಮಿಷ ಮಷೀನ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ಕಿತ್ತು, ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುವಿ ಬಿಡಿಸಿ. ಬಾಗಿದ ಪಿನ್ನನ್ನು ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಸಾಲಿಗೆ ತರಬಹುದು, ಆದರೆ ತಾಳ್ಮೆ ಬೇಕು. ಇಂಟೆಲ್ ಮತ್ತು ಎಎಂ5ರಲ್ಲಿ ಪಿನ್ ಬೋರ್ಡಿನಲ್ಲಿರುತ್ತದೆ, ಕೂದಲಿನಷ್ಟು ತೆಳು. ಅದಕ್ಕೆ ಮನೆಯಲ್ಲಿ ಕೈ ಹಾಕಬೇಡಿ. ಕೈ ಪಳಗಿದ ಚಿಪ್ ಲೆವೆಲ್ ರಿಪೇರಿಯವರಿಗೆ ಕೊಡಿ.

ಬೋರ್ಡಿನ ಮೇಲೆ ಸಣ್ಣ ಕೆಂಪು ಲೈಟ್ ಉರಿಯುತ್ತಿದೆ.

ಒಳ್ಳೆಯದಾಯಿತು. ಬೋರ್ಡ್ ತಾನೇ ಮಾತಾಡುತ್ತಿದೆ. ಹೊಸ ಬೋರ್ಡುಗಳಲ್ಲಿ ಸಿಪಿಯು (ಪ್ರೊಸೆಸರ್), ಡಿಆರ್‌ಎಎಂ (ರ‍್ಯಾಮ್), ವಿಜಿಎ (ಗ್ರಾಫಿಕ್ಸ್), ಬೂಟ್ (ವಿಂಡೋಸ್ ಇರುವ ಡಿಸ್ಕ್) ಅಂತ ನಾಲ್ಕು ಲೈಟ್ ಇರುತ್ತವೆ. ಯಾವುದರ ಮೇಲೆ ನಿಂತಿತೋ ತೊಂದರೆ ಅಲ್ಲಿದೆ. ಲೈಟ್ ಇಲ್ಲದ ಬೋರ್ಡಿಗೆ ಸಣ್ಣ ಸ್ಪೀಕರ್ ಸಿಕ್ಕಿಸಿ, ಬೀಪ್ ಎಣಿಸಿ ಮ್ಯಾನುಯಲ್ ನೋಡಿ.

ಬಯೋಸ್ ಬ್ಯಾಟರಿ ತೆಗೆದು ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಮಾಡಲಾ?

ಮಾಡಿ, ಆದರೆ ಏನಾಗುತ್ತದೆ ಅಂತ ತಿಳಿದು ಮಾಡಿ. ಪ್ಲಗ್ ಕಿತ್ತು, ದುಂಡು ಸಿಆರ್2032 ಬ್ಯಾಟರಿಯನ್ನು ಹತ್ತು ನಿಮಿಷ ಹೊರಗಿಡಿ. ಹಳೆಯ ಸೆಟ್ಟಿಂಗ್ ಅಳಿಸಿ ಬೋರ್ಡ್ ಹೊಸದಾಗಿ ಶುರು ಮಾಡುತ್ತದೆ. ಹೊಸ ರ‍್ಯಾಮ್, ಹೊಸ ಪ್ರೊಸೆಸರ್ ಹಾಕಿದಾಗ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಬ್ಯಾಟರಿ 3 ವೋಲ್ಟ್ ಕೊಡಬೇಕು, ತುಂಬ ಇಳಿದಿದ್ದರೆ ಹೊಸದು ಹಾಕಿ.

ತೊಂದರೆ ಏನೆಂದರೆ, ಬೇಕಾದ ಸೆಟ್ಟಿಂಗೂ ಅಳಿಸಿಹೋಗುತ್ತದೆ. ನಿಮ್ಮ ವಿಂಡೋಸ್ ಹಳೆಯ ಲೆಗಸಿ ರೀತಿಯಲ್ಲಿ ಹಾಕಿದ್ದರೆ ‘ಬೂಟ್ ಡಿವೈಸ್ ಇಲ್ಲ’ ಅನ್ನಬಹುದು. ಬಯೋಸಿನಲ್ಲಿ ಸಿಎಸ್‌ಎಂ (ಹಳೆಯ ರೀತಿಯಲ್ಲಿ ಬೂಟ್ ಆಗಲು ಬಿಡುವ ಸೆಟ್ಟಿಂಗ್) ಆನ್ ಮಾಡಿದರೆ ವಾಪಸ್ ಬರುತ್ತದೆ. ಡಿಸ್ಕ್ ಸೆಟ್ಟಿಂಗ್ ಎಎಚ್‌ಸಿಐ ಇಂದ ರೇಡ್‌ಗೆ, ಅಥವಾ ಉಲ್ಟಾ ಬದಲಾದರೆ ನೀಲಿ ಪರದೆ ಬರುತ್ತದೆ. ಮೊದಲಿನ ಸೆಟ್ಟಿಂಗಿಗೆ ಹಾಕಿ ನೋಡಿ. ಅಪ್‌ಗ್ರೇಡಿಗೆ ಮೊದಲು ಬಯೋಸ್ ಪುಟಗಳ ಫೋಟೋ ತೆಗೆದಿಟ್ಟುಕೊಂಡರೆ ಈ ಒದ್ದಾಟ ಇಲ್ಲ.

ಹೊಸ ಎಂ.2 ಎಸ್‌ಎಸ್‌ಡಿ ಹಾಕಿದೆ, ಹಳೆಯ ಹಾರ್ಡ್ ಡಿಸ್ಕ್ ಕಾಣೆಯಾಯಿತು.

ಕೆಲವು ಬೋರ್ಡುಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಹಾರ್ಡ್ ಡಿಸ್ಕಿನ ಕೇಬಲ್ ಹಾಕುವ ಒಂದೆರಡು ಸಾಟಾ ಪೋರ್ಟ್ ತಾನಾಗಿ ಆಫ್ ಆಗುತ್ತದೆ. ಸಾಟಾ ಕೇಬಲ್ ಬೇರೆ ಪೋರ್ಟಿಗೆ ಹಾಕಿ. ಡಿಸ್ಕ್ ಬರುತ್ತದೆ.

‘ಬಿಟ್‌ಲಾಕರ್ ರಿಕವರಿ ಕೀ’ ಕೇಳುತ್ತಿದೆ. ನಾನು ಯಾವತ್ತೂ ಹಾಕಿಲ್ಲವಲ್ಲ!

ವಿಂಡೋಸ್ 11 ಎಷ್ಟೋ ಮಷೀನುಗಳಲ್ಲಿ ಡಿಸ್ಕನ್ನು ತಾನೇ ಬೀಗ ಹಾಕಿರುತ್ತದೆ. ಬೋರ್ಡೋ ಪ್ರೊಸೆಸರೋ ಬದಲಾದರೆ ಕಳ್ಳ ಇರಬಹುದು ಅಂತ 48 ಅಂಕಿಯ ಕೀ ಕೇಳುತ್ತದೆ. ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಮೊಬೈಲಿನಿಂದ ಲಾಗಿನ್ ಆಗಿ ನೋಡಿ, ಸಾಮಾನ್ಯವಾಗಿ ಅಲ್ಲಿ ಉಳಿದಿರುತ್ತದೆ.

ರೈಜನ್ ಪ್ರೊಸೆಸರ್ ಬದಲಿಸಿದಾಗ ಕಪ್ಪು ಪರದೆಯಲ್ಲಿ ಎಫ್‌ಟಿಪಿಎಂ (ಡಿಸ್ಕಿನ ಬೀಗದ ಗುಟ್ಟು ಇಟ್ಟುಕೊಳ್ಳುವ ಭಾಗ) ಬಗ್ಗೆ ಬರೆದು, ‘ವೈ’ ಒತ್ತುತ್ತೀರಾ ‘ಎನ್’ ಒತ್ತುತ್ತೀರಾ ಅಂತ ಕೇಳುತ್ತದೆ. ಸುಮ್ನೆ ‘ವೈ’ ಒತ್ತಬೇಡಿ. ಆ ಕೀ ಕೈಯಲ್ಲಿ ಇಲ್ಲದಿದ್ದರೆ ‘ಎನ್’ ಒತ್ತಿ, ಹಳೆಯ ಪ್ರೊಸೆಸರ್ ವಾಪಸ್ ಹಾಕಿ, ಬಿಟ್‌ಲಾಕರ್ ಆಫ್ ಮಾಡಿ, ಆಮೇಲೆ ಮುಂದುವರಿಯಿರಿ. ಕೀ ಇಲ್ಲದೆ ಆ ಡಿಸ್ಕ್ ತೆರೆಯುವ ಉಪಾಯ ಯಾವ ಅಂಗಡಿಯವರ ಹತ್ತಿರವೂ ಇಲ್ಲ.

ಎಲ್ಲ ಮಾಡಿದೆ, ಆಗಲಿಲ್ಲ. ಕೊನೆಯ ಪರೀಕ್ಷೆ ಯಾವುದು?

ಬೋರ್ಡನ್ನು ಹೊರಗೆ ತೆಗೆದು ಅದರದ್ದೇ ರಟ್ಟಿನ ಡಬ್ಬದ ಮೇಲೆ ಇಡಿ. ಬೆಳ್ಳಿ ಬಣ್ಣದ ಕವರಿನ ಮೇಲೆ ಬೇಡ, ಅದರ ಹೊರಮೈ ಕರೆಂಟ್ ಹರಿಸಬಹುದು. ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್ ಕಡ್ಡಿ, ಎರಡು ಪವರ್ ಕೇಬಲ್, ಮಾನಿಟರ್. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಮಾತ್ರ ಕಾರ್ಡ್. ಸ್ಕ್ರೂಡ್ರೈವರಿನಿಂದ ಆನ್ ಮಾಡಿ. ಬಂದರೆ ಒಂದೊಂದೇ ಪಾರ್ಟ್ ಸೇರಿಸುತ್ತಾ ಹೋಗಿ. ಯಾವುದನ್ನು ಸೇರಿಸಿದಾಗ ನಿಂತಿತೋ ಅದೇ ಕಾರಣ. ಹೊಸ ಕೂಲರಿನ ತಳದಲ್ಲಿ ಪ್ಲಾಸ್ಟಿಕ್ ಹಾಳೆ ಉಳಿದಿದೆಯಾ ಅಂತಲೂ ಇದೇ ಹೊತ್ತಿಗೆ ನೋಡಿಬಿಡಿ. ಅದು ಉಳಿದರೆ ಮಷೀನು ಬಿಸಿಯಾಗಿ ಆಫ್ ಆಗುತ್ತದೆ.

ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದೆ.

ಮನೆಯ ಅರ್ಥಿಂಗ್ ಸರಿಯಿಲ್ಲ. ಬಾಡಿಗೆ ಮನೆಗಳಲ್ಲಿ ಮೂರು ಪಿನ್ನಿನ ಪಾಯಿಂಟ್ ಇರುತ್ತದೆ, ಮೂರನೆಯದಕ್ಕೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸುವವರೆಗೆ ಹೊಸ ಪಾರ್ಟ್ ಹಾಕುವುದನ್ನು ನಿಲ್ಲಿಸಿ. ಫೆಬ್ರವರಿ, ಮಾರ್ಚಿನಲ್ಲಿ ಇಲ್ಲಿನ ಗಾಳಿ ಒಣಗಿರುತ್ತದೆ, ಮೈಯಲ್ಲೂ ಸ್ಟ್ಯಾಟಿಕ್ ಕೂರುತ್ತದೆ. ಪಾರ್ಟ್ ಮುಟ್ಟುವ ಮೊದಲು ಬಣ್ಣ ಇಲ್ಲದ ಲೋಹವನ್ನು ಒಮ್ಮೆ ಮುಟ್ಟಿ.

ಎಸ್‌ಪಿ ರೋಡಿಗೆ ಒಯ್ಯುವುದಾದರೆ ಹೇಗೆ ಒಯ್ಯಲಿ, ಏನು ಕೇಳಲಿ?

ಗ್ರಾಫಿಕ್ಸ್ ಕಾರ್ಡ್ ತೆಗೆದು ಅದರ ಡಬ್ಬದಲ್ಲಿ ಬೇರೆ ಇಡಿ. ನಮ್ಮ ರಸ್ತೆಯ ಗುಂಡಿಗಳಲ್ಲಿ ಆಟೋ ಒಮ್ಮೆ ಎಗರಿದರೆ ಸಾಕು, ಭಾರದ ಕಾರ್ಡ್ ಸ್ಲಾಟನ್ನೇ ಕಿತ್ತುಬಿಡುತ್ತದೆ. ಕ್ಯಾಬಿನೆಟ್ಟನ್ನು ಬೋರ್ಡ್ ಕೆಳಗೆ ಬರುವ ಹಾಗೆ ಮಲಗಿಸಿ ಒಯ್ಯಿರಿ. ಮನೆಯ ಪವರ್ ಕೇಬಲ್ಲೂ ಜೊತೆಗಿರಲಿ. ಅಂಗಡಿಯಲ್ಲಿ ಆನ್ ಆಗಿ ಮನೆಯಲ್ಲಿ ಆಗದಿದ್ದರೆ ಕಾರಣ ಪ್ಲಗ್ಗೋ ಯುಪಿಎಸ್ಸೋ ಕೇಬಲ್ಲೋ ಅಂತ ಬೇಗ ಗೊತ್ತಾಗುತ್ತದೆ.

ಅಲ್ಲಿ ಒಳ್ಳೆಯ ಕೆಲಸಗಾರರು ಬೇಕಾದಷ್ಟು ಜನ ಇದ್ದಾರೆ. ‘ಬೋರ್ಡ್ ಹೋಗಿದೆ’ ಅಂದರೆ, ‘ಬೇರೆ ಎಸ್‌ಎಂಪಿಎಸ್, ಬೇರೆ ರ‍್ಯಾಮ್ ಹಾಕಿ ನನ್ನ ಎದುರಿಗೇ ಒಮ್ಮೆ ತೋರಿಸಿ’ ಅಂತ ಕೇಳಿ. ಕೆಲಸ ಬಲ್ಲವರು ಬೇಸರ ಮಾಡಿಕೊಳ್ಳುವುದಿಲ್ಲ. ಬಿಟ್ಟು ಬರುವುದಾದರೆ ಪಾರ್ಟುಗಳ ಸೀರಿಯಲ್ ನಂಬರಿನ ಫೋಟೋ ತೆಗೆದುಕೊಳ್ಳಿ. ಜಿಎಸ್‌ಟಿ ಬಿಲ್ ಇಲ್ಲದೆ ಹೊಸದು ಕೊಳ್ಳಬೇಡಿ, ವಾರಂಟಿಗೆ ಅದೇ ಆಧಾರ. ಕೆಟ್ಟ ಪಾರ್ಟ್ ಕೊಟ್ಟು ಬದಲಿಸಲು ಸತಾಯಿಸಿದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ತೆಗೆದ ಹಳೆಯ ಪಾರ್ಟುಗಳನ್ನು ಏನು ಮಾಡಲಿ?

ಹೊಸದು ಒಂದು ತಿಂಗಳು ಸರಿಯಾಗಿ ಓಡುವವರೆಗೆ ಯಾವುದನ್ನೂ ಮಾರಬೇಡಿ. ಆಮೇಲೆ ಕೆಟ್ಟದ್ದನ್ನು ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವ ಅಧಿಕೃತ ಕೇಂದ್ರಕ್ಕೆ ಕೊಡಿ. ನಡೆಯುವ ಒಂದು ರ‍್ಯಾಮ್ ಕಡ್ಡಿ, ಹೊರಗಿನ ಕೇಬಲ್ ಬೇಡದ ಒಂದು ಸಣ್ಣ ಗ್ರಾಫಿಕ್ಸ್ ಕಾರ್ಡ್, ಒಂದು ಹೊಸ ಸಿಆರ್2032 ಮಾತ್ರ ಇಟ್ಟುಕೊಳ್ಳಿ. ನನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿ 4 ಜಿಬಿಯ ಒಂದು ಹಳೆಯ ಡಿಡಿಆರ್4 ಕಡ್ಡಿ ಇದೆ, ಪೇಪರಿನಲ್ಲಿ ಸುತ್ತಿಟ್ಟಿದ್ದೇನೆ. ಪಕ್ಕದ ಮನೆಯಿಂದ ಯಾರಾದರೂ ಬಂದು ‘ಡಿಸ್‌ಪ್ಲೇ ಬರುತ್ತಿಲ್ಲ’ ಅಂದರೆ ನಾನು ಮೊದಲು ಜೇಬಿಗೆ ಹಾಕಿಕೊಂಡು ಹೊರಡುವುದು ಅದನ್ನೇ.